ವಾಡೇದ ದೊಡ್ಡ ಬಾಗಲಾ ತಗದ ಬ್ಯಾಸಗಿ

ಹೋದ ವಾರ ಸವಣೂರಿಗೆ ಹೋಗಿದ್ನಿ. ಬಸ್ ಇಳದು ಪ್ಯಾಟಿ ದಾಟಾಕತ್ತಿದ್ನಿ, ಒಂದು ಹಳೇ ಮನಿ ಮುಂದ ಯಾರೋ ಸುಣ್ಣ ನೆನಿ ಹಾಕಿದ್ರು. ಮಗ್ಗಲದಾಗ ಒಂದು ಡ್ರಮ್ಮಿನ ತುಂಬ ಬೆಲ್ಲದ ನೀರು. ಬಿಸಿ ಸುಣ್ಣದ ಹಬಿ, ಹುಳಿಗೇರಿದ ಬೆಲ್ಲದ ವಾಸನಿ, ಎರಡೂ ಕೂಡಿ ಮೂಗಿಗೆ ಬಡದಿದ್ದ ತಡ, ಅಲ್ಲೇ ನಿಂತುಬಿಟ್ನಿ. ಉಳಿದ ಮಂದಿ ಮೂಗು ಮುಚ್ಚಿಕೊಂಡು ಹೊಂಟಿದ್ರು. ನನಗ ಬಾಯಾಗ ನೀರು ಬಂತು. ಸುಣ್ಣದ ವಾಸನಿಗೆ ಹುಗ್ಗಿ ನೆನಪಾಗೂ ಹೆಣಮಗಳು ಈ ಜಿಲ್ಲಾದಾಗ ನಾ ಒಬ್ಬಾಕಿನ ಇರಬೇಕು. ಯಾಕಂತ ಹೇಳ್ತೇನಿ. ಹೇಳಲಿಕ್ಕೆ ಸ್ವಲ್ಪ ನಾಚಿಗಿನೂ ಬರ್ತದ, ಯಾಕಂದ್ರ ಇದರಾಗ ನಂದೊಂದು ದೊಡ್ಡ ತಪ್ಪು ಐತಿ.

ನಾ ಸುಜಾತಾ. ಡಿಪ್ಲೊಮಾ ಸಿವಿಲ್ ಮುಗಿಸಿ ಹಾನಗಲ್ಲ ಕಡೆ ಎರಡು ವರ್ಷ ಕಾಲವಿ, ಸಣ್ಣ ಸಣ್ಣ ಸೇತುವಿ ಅಂತ ಬರೇ ಸಿಮೆಂಟಿನಾಗ ಕೈ ಆಡಿಸಿದಾಕಿ. ಆವಾಗ ಊರಿಂದ ಅಪ್ಪನ ಫೋನ್ ಬಂತು. ನಮ್ಮೂರ ದೇಸಾಯರ ವಾಡೆ ರಿಪೇರಿ ಮಾಡಸ್ತಾರಂತ, ಊರಾಗಿನವರನ್ನ ಸೂಪರ್‌ವೈಸರ್ ಅಂತ ಹುಡುಕಾಕತ್ತಾರಂತ. ನಮ್ಮೂರು ದುಂಡಸಿಯಿಂದ ಈಚೆ, ಶಿಗ್ಗಾಂವಿ ಬಸ್ಸು ಬಂದ್ರ ಬಂತು, ಇಲ್ಲಂದ್ರ ಇಲ್ಲ. ಅಂಥಾ ಊರಾಗ ಸಿವಿಲ್ ಓದಿದಾಕಿ ನಾ ಬಿಟ್ರ ಯಾರದಾರ? ಅರ್ಜಿ ಹಾಕಿದ ಮರುದಿನಾನ ಕೆಲಸ ಸಿಕ್ತು.

ಅಪ್ಪಗ ಖುಷಿನೋ ಖುಷಿ. ಆಯಿ, ಅಂದ್ರ ಅಪ್ಪನ ಅವ್ವ ಗಂಗವ್ವ, ಮಾತ್ರ ಸಿಟ್ಟಿನ ಮಾರಿ ಮಾಡಿಕೊಂಡು ಕುಂತಿದ್ಲು.

"ಯಾವ ಬಾಗಲದಿಂದ ಒಳಗ ಹೋಗ್ತೀ?" ಅಂತ ಕೇಳಿದ್ಲು.

"ಮುಂದಿನ ದಿಡ್ಡಿ ಬಾಗಲದಿಂದ, ಆಯಿ. ಎಲ್ಲಾರೂ ಅಲ್ಲಿಂದನ ಹೋಗ್ತಾರ."

"ಹಿತ್ತಲದಿಂದ ಹೋಗಿದ್ದು ಗೊತ್ತಾತಂದ್ರ ಕಾಲ ಮುರೀತೇನಿ, ನೋಡ್ಕೊ."

ಆಕಿ ಸಿಟ್ಟಿಗೆ ಕಾರಣ ಇತ್ತು. ಹರೇದಾಗ ಆಯಿ, ಅಜ್ಜ ಇಬ್ರೂ ಆ ವಾಡೇದಾಗ ವರ್ಷಾನಗಟ್ಟಲೆ ದುಡದಿದ್ರು. ಅವ್ರಿಗೆ ಹಿತ್ತಲ ಬಾಗಲಾ ಒಂದ. ಅಂಗಳ ಕಸಾ ಹೊಡೀಬೇಕು, ಪಡಸಾಲಿ ಮೆಟ್ಟಲಾ ತುಳಿಬಾರ್ದು. ಊರೂಟ ಅಂದ್ರ ನಮ್ಮ ಕೇರಿಯವ್ರಿಗೆ ಕಡೀಕೆ, ಹಿತ್ತಲದಾಗ, ಎತ್ತಿ ಹಾಕಿದ್ದು. ಅಪ್ಪ ದೀಕ್ಷಾ ತಗೊಂಡ ಮ್ಯಾಲ ಮನ್ಯಾಗ ಬುದ್ಧನ ಫೋಟೋ ಬಂತು, ನನಗ ಸುಜಾತಾ ಅಂತ ಹೆಸರು ಬಂತು, ಆಯಿ ವಾಡೇದ ಕಡೆ ಮಾರಿ ಹಾಕೂದು ಬಿಟ್ಲು. ಮಗ್ಗಲ ಓಣಿಗೆ ಹೋಗೂದಿದ್ರೂ ಸುತ್ತುಹಾಕಿ ಹೋಗ್ತಿದ್ಲು.

ವಾಡೆ ಮಾತ್ರ ನೋಡಾಕ ಛಂದ ಇತ್ತು, ಅದನ್ನ ಇಲ್ಲ ಅನ್ನಾಕ ಬರಂಗಿಲ್ಲ. ಸವಣೂರ ನವಾಬರ ಕಾಲದ್ದು ಅಂತ ಒಬ್ರು, ಅಲ್ಲ ಪೇಶ್ವೇರ ಕಾಲದ್ದು ಅಂತ ಇನ್ನೊಬ್ರು, ಕಟ್ಟಿ ಮ್ಯಾಲ ಕುಂತು ಜಗಳಾಡೂದನ್ನ ನಾ ಸಣ್ಣಾಕಿದ್ದಾಗಿಂದ ಕೇಳೇನಿ. ಇಬ್ರೂ ಆ ಕಾಲದಾಗ ಇರಲಿಲ್ಲ ಅನ್ನೂದು ಒಂದ ಖರೆ. ಕಲ್ಲಿನ ಬುನಾದಿ, ಮ್ಯಾಲ ಇಟ್ಟಂಗಿ, ಸುಣ್ಣದ ಗಚ್ಚು. ನಡುವ ದೊಡ್ಡ ಅಂಗಳ, ಅದಕ್ಕ ಹತ್ತಿ ಪಡಸಾಲಿ, ಪಡಸಾಲಿಗೆ ತಬ್ಬಿದ್ರ ಕೈ ಕೂಡಲಾರದಂಥಾ ಸಾಗವಾನಿ ಕಂಬ, ಮ್ಯಾಲ ಮಣ್ಣಿನ ಮಾಳಗಿ. ಮುಂದ ಎರಡಾಳು ಎತ್ತರದ ದೊಡ್ಡ ಬಾಗಲಾ. ಅದರ ಹೊಟ್ಟ್ಯಾಗ ತಲಿ ಬಗ್ಗಿಸಿ ಹೋಗೂವಂಥಾ ಸಣ್ಣ ದಿಡ್ಡಿ. ದಿನಾ ಹೋಗೂದು ಬರೂದು ದಿಡ್ಡಿಯಿಂದ. ದೊಡ್ಡ ಬಾಗಲಾ ತಗದಿದ್ದು ನಾ ಹುಟ್ಟಿದಾಗಿಂದ ನೋಡಿರಲಿಲ್ಲ.

ರಿಪೇರಿ ಹಿಡಿಸಿದವ್ರು ವಸುಧಾಬಾಯಿ, ಆ ಮನಿ ಹೆಣಮಗಳು. ಧಾರವಾಡದಾಗ ಸಾಲಿ ಕಲಿಸಿ ರಿಟಾಯರ್ ಆಗಿ, ಯಜಮಾನ್ರು ತೀರಿಕೊಂಡ ಮ್ಯಾಲ ತವರಿಗೆ ವಾಪಸ್ ಬಂದಿದ್ರು. ಮಾಸ್ತರಿಕಿ ಮಾಡಿದವ್ರಂತ ಊರೆಲ್ಲಾ ಅವ್ರಿಗೆ ಅಕ್ಕಾರ ಅಂತಿತ್ತು. ವಾಡೇದಾಗ ಇನ್ನೊಂದು ಪಾಲು ಅವ್ರ ಕಾಕಾನ ಮಗ ಶ್ರೀಪಾದರಾಯರದು. ಅವ್ರು ಹುಬ್ಬಳ್ಳಿಯಾಗ ಇರೂದು. ಅವ್ರಿಗೆ ಈ ಹಳೇ ಮನಿ ಅಂದ್ರ ತಲಿಶೂಲಿ. ಕಂಬ, ತೊಲಿ ಎಲ್ಲಾ ಕಟಗಿ ವ್ಯಾಪಾರಿಗೆ ಕೊಟ್ಟು ಕೈ ತೊಳಕೊಳ್ಳೂಣು ಅಂತಿದ್ರು. ಅಕ್ಕಾರ ಹಟಾ ಹಿಡದ್ರು. ಕಡೀಕೆ ರಾಯರು ಒಂದು ಮಾತು ಹಾಕಿದ್ರು: ಪಡಸಾಲಿ ಪಡುವಲ ಗ್ವಾಡಿ ಬಿರಕು ಬಿಟ್ಟು ಕುಂತೈತಿ, ಜೂನಿನ್ಯಾಗ ಮಿರಗದ ಮಳಿ ಹೊಡದ ಮ್ಯಾಲೂ ಅದು ನಿಂತಿದ್ರ ವಾಡೆ ಪೂರಾ ನಿನಗ, ಬಿತ್ತಂದ್ರ ಕಟಗಿ ವ್ಯಾಪಾರಿಗೆ. ಅಕ್ಕಾರ ಹೂಂ ಅಂದಿದ್ರು.

ಅಂದ್ರ ಆ ಬ್ಯಾಸಗಿಯೆಲ್ಲಾ ನಮ್ಮದು ಒಂದ ಕೆಲಸ. ಆ ಗ್ವಾಡಿ ನಿಲ್ಲಿಸೂದು.

ಉಗಾದಿ ಮರುದಿನಾನ ಶುರು ಹಚ್ಚಿದ್ವಿ. ಸುಣ್ಣದ ಕೆಲಸಕ್ಕ ಹುಲಗೂರಿನಿಂದ ಮಕಬೂಲಸಾಬ್ ಬಂದ್ರು. ಸೊಂಟ ಬಾಗಿತ್ತು, ನಾಲಗಿ ಬಾಗಿರಲಿಲ್ಲ. ಮೊದಲ ದಿನಾನ ನನ್ನ ಕೈಯಾಗಿನ ಡೈರಿ ನೋಡಿ, "ಬೇಟಿ, ನಿನ್ನ ಸಿಮೆಂಟು ಮುಂಜಾನಿ ಕಲಸಿ ಸಂಜಿಗೆ ಮರಿಯೂದೈತಿ. ಇದು ಹಂಗಲ್ಲ. ಇದನ್ನ ದಿನಾ ಮಾತಾಡಿಸಬೇಕು" ಅಂದ್ರು. ಮಾತಾಡಿಸೂದು ಅಂದ್ರ ಖರೇನ ಮಾತಾಡಿಸ್ತಿದ್ರು. ಸುಣ್ಣದ ಹೊಂಡದ ದಂಡಿಗೆ ಕುಂತು, "ಏನ್ ಮಹಾರಾಣಿ, ಇನ್ನೂ ಸಿಟ್ಟು ಇಳದಿಲ್ಲೇನು?" ಅಂತ ಕೇಳೂದು. ಅದು ಕುದಿಯೂದು ನಿಂತ ಮ್ಯಾಲ ಉಸುಕು ಕೂಡಿಸಿ ಗಾಣಕ್ಕ ಹಾಕೂದು. ಕಲ್ಲಿನ ದೋಣಿ, ಅದರಾಗ ಕಲ್ಲಿನ ಗಾಲಿ, ಒಂದು ಜೋಡಿ ಎತ್ತು ಸುತ್ತೂದು. ಅಳಲೆಕಾಯಿ ಜಜ್ಜಿ ಬೆಲ್ಲದ ಜೋಡಿ ನೀರಾಗ ಕೊಳಿಸಿ, ಆ ನೀರು ಹೊಯ್ಕೋತ ಹೋಗೂದು. ಹೆಬ್ಬೆರಳಿನ ಉಗುರಿನ ಮ್ಯಾಲ ಒಂದು ಚೂರು ಗಚ್ಚು ಹಚ್ಚಿ, ಕೈ ಉಲ್ಟಾ ಮಾಡಿ ನೋಡ್ತಿದ್ರು. ಬಿತ್ತಂದ್ರ ಮತ್ತ ಅರೀರಿ. ನಾ ಡೈರಿಯಾಗ ಅದಕ್ಕೊಂದು ಹೆಸರು ಬರಿಬೇಕಲ್ಲ, "ಉಗುರಿನ ಪರೀಕ್ಷೆ" ಅಂತ ಬರದಿದ್ನಿ.

ಬೆಲ್ಲದ ವಿಷಯದಾಗ ಮಕಬೂಲಸಾಬ್ ಭಾಳ ಕಟ್ಟುನಿಟ್ಟು. ಅಗ್ಗದ ಕರೀ ಬೆಲ್ಲ ತರಿಸಿದ್ನಿ ಅಂತ ಒಂದು ಸಲ ಪೂರಾ ವಾಪಸ್ ಕಳಿಸಿದ್ರು. "ನಾ ತಿನ್ನಲಾರದ ಬೆಲ್ಲ ನನ್ನ ಗ್ವಾಡಿ ಯಾಕ ತಿಂತೈತಿ?" ಅಂದ್ರು. ಹಂಗಾಗಿ ಹಾನಗಲ್ಲ ಮಾರ್ಕೆಟ್ಟಿನ ಚಲೋ ಬೆಲ್ಲದ ಪೆಂಟಿ ಬಂದು ವಾಡೇದ ಕ್ವಾಣ್ಯಾಗ ಕುಂತ್ವು. ಎತ್ತಿನ ಬಾಯಿಗೆ ಒಂದು ಚೂರು, ಕೆಲಸದವ್ರ ಬಾಯಿಗೆ ಒಂದು, ಸುಳ್ಯಾಕ ಹೇಳ್ಲಿ, ನನ್ನ ಬಾಯಿಗೂ ಒಂದು.

ಬಿಸಿಲು ಹೆಂಗಿತ್ತಂದ್ರ ಮಾಳಗಿ ಮ್ಯಾಲ ಬರಿಗಾಲಿನ್ಯಾಗ ನಿಲ್ಲಾಕ ಆಗ್ತಿರಲಿಲ್ಲ. ಆದ್ರೂ ನಗಿ ಚಾಷ್ಟಿಗೆ ಕಡಿಮಿ ಇರಲಿಲ್ಲ. ಒಂದು ತಿಂಗಳಾಗೂದ್ರಾಗ ಮೂಡಲ ಗ್ವಾಡಿ ಮುಗೀತು, ಮಾಳಗಿ ಮಣ್ಣು ಹೊಸದಾತು. ಪಡುವಲ ಗ್ವಾಡಿ ಮಾತ್ರ ನಮ್ಮನ್ನ ಕುಣಿಸಾಕತ್ತಿತ್ತು. ಮಕಬೂಲಸಾಬ್ ಬಿರಕು ಬಿಚ್ಚಿ, ತೊಳದು, ಹೊಸಾ ಗಚ್ಚು ತುಂಬಿ ಎಂಟು ದಿನ ಆಗೂದ್ರಾಗ ಅದ ಜಾಗಾದಾಗ ಮತ್ತ ಬಿರಕು. ಎರಡನೇ ಸಲಾನೂ ಹಂಗ ಆತು. ಮಕಬೂಲಸಾಬರ ಮಾರಿ ಸಣ್ಣದಾತು. "ನನ್ನ ಗಚ್ಚಿನ ತಪ್ಪಲ್ಲ ಬೇಟಿ, ಇದರ ಕಾಲು ಎಲ್ಲೋ ಜಾರಾಕತ್ತೈತಿ" ಅಂದ್ರು.

ನಮ್ಮ ಆರ್ಕಿಟೆಕ್ಟ್ ಪ್ರಸನ್ನ ಅವ್ರು ಮೈಸೂರ ಕಡೆಯವ್ರು, ವಾರಕ್ಕೊಮ್ಮೆ ಬಂದು ಹೋಗ್ತಿದ್ರು. ಅವ್ರು ಬಿರಕಿನ ಮ್ಯಾಲ ಅಡ್ಡಾಗಿ ಗಾಜಿನ ಪಟ್ಟಿ ಅಂಟಿಸಿದ್ರು. ಗ್ವಾಡಿ ಮಿಸುಕಿದ್ರ ಗಾಜು ಒಡೀತದ, ನಿಂತಿದ್ರ ಒಡಿಯಂಗಿಲ್ಲ. ನಾಕನೇ ದಿನಕ್ಕ ಟಣ್ ಅಂತು. ಬುನಾದಿ ಕುಸಿಯಾಕತ್ತೈತಿ ಅನ್ನೂದು ಖಾತ್ರಿ ಆತು. ಯಾಕ ಕುಸಿತೈತಿ ಅನ್ನೂದು ಯಾರಿಗೂ ತಿಳಿಲಿಲ್ಲ. ಹೊರಗಿನಿಂದ ಎರಡು ಕಡೆ ಅಗದು ನೋಡಿದ್ವಿ, ಕಲ್ಲು ಗಟ್ಟಿ ಇತ್ತು. ಗ್ವಾಡಿ ಪೂರಾ ಇಳಿಸಿ ಮತ್ತ ಕಟ್ಟಬೇಕಂದ್ರ ಮಿರಗದೊಳಗ ಆಗೂ ಮಾತಲ್ಲ. ಮಿರಗಕ್ಕ ಇನ್ನೂ ತಿಂಗಳೂ ಇರಲಿಲ್ಲ. ಅಕ್ಕಾರ ಸಂಜೀಕೆ ಒಂದೊಂದ ಕಂಬದ ಹಂತೇಕ ನಿಂತು ಸೆರಗಿನಿಂದ ಧೂಳು ಒರಸೂದನ್ನ ನಾ ನೋಡಿದ್ನಿ. ಭಾಳ ಸಂಕಟಾತು.

ಅಂಥಾದರಾಗ ನನ್ನ ತಪ್ಪು ನಡೀತು.

ಪ್ರಸನ್ನ ಸರ್ ಮೊಬೈಲಿಗೆ ಕಳಿಸಿದ್ರು: "ನಾಳೆ ಬೆಳಿಗ್ಗೆ ದೊಡ್ಡ ಬಾಗಿಲು ತೆಗೆದಿಡಿ. ಮಧ್ಯಾಹ್ನ ಬರ್ತೀನಿ." ನಾ ಓದಿದ್ನಿ, ಮಕಬೂಲಸಾಬರಿಗೂ ಓದಿ ಹೇಳಿದ್ನಿ. ನಮ್ಮ ಕಡೆ ಬಾಗಲಾ ತಗೀ ಅಂದ್ರ ಏನು? ಅಗಳಿ ಸರಿಸಿ ಬಾಗಲಾ ಬಿಚ್ಚೂದು. ತಗದಿಡ್ರಿ ಅಂದ್ರ ತಗದ ಇಡ್ರಿ, ಹಾಕಬ್ಯಾಡ್ರಿ. ಯಾವುದೋ ದೊಡ್ಡ ಗಾಡಿ ಒಳಗ ಬರೂದಿರಬೇಕಂತ ನಾವಿಬ್ರೂ ಮಾತಾಡಿಕೊಂಡ್ವಿ.

ಮುಂಜಾನೆದ್ದು ಬಾಗಲಕ್ಕ ಕೈ ಹಚ್ಚಿದ್ವಿ. ಅಗಳಿ ಅಂದ್ರ ಒಂದು ಪೂರಾ ಮರದ ತೊಲಿ. ಕೀಲಿಗೆ ಡಬ್ಬಿಗಟ್ಟಲೆ ಎಣ್ಣಿ ಹಾಕಿ, ಎಂಟು ಮಂದಿ ಭುಜಾ ಕೊಟ್ಟು ನೂಕಿದ್ವಿ. ಅದು ಮಿಸುಕಿದಾಗ ಬಂದ ಸಪ್ಪಳ ಏನ್ ಹೇಳ್ಲಿ! ಬಸ್‌ಸ್ಟ್ಯಾಂಡಿನ ತನಕ ಕೇಳಿತ್ತಂತ. ಬಾಗಲದ ಎರಡೂ ಪಡಕಾ ತಗದು, ಕಲ್ಲು ಆನಿಸಿ ಇಟ್ಟು, ಹಣಿ ಬೆವರು ಒರಸ್ಕೊಂಡು ಚಹಾ ಕುಡ್ಯಾಕ ಕುಂತ್ವಿ.

ಅರ್ಧಾ ಕಪ್ಪು ಮುಗಿದಿರಲಿಲ್ಲ, ಒಬ್ಬ ಅಜ್ಜ ಮಡಿ ಧೋತರ ಉಟ್ಟು, ಕೈಯಾಗ ನೀರಿನ ತಂಬಿಗಿ ಹಿಡಕೊಂಡು ಒಳಗ ಬಂದ. ನಮ್ಮನ್ನ ನೋಡಿ ತಲಿ ಅಲ್ಲಾಡಿಸಿ, ನೆಟ್ಟಗ ಹೋಗಿ ಪಡಸಾಲಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತ. ಅವನ ಹಿಂದ ಇಬ್ರು. ಅವ್ರ ಕೈಯಾಗೂ ತಂಬಿಗಿ. ಆಮ್ಯಾಲ ನಾಕು ಮಂದಿ ಹೆಂಗಸ್ರು, ಇಳಕಲ್ಲ ಸೀರಿ ಉಟ್ಟು.

"ಅಜ್ಜಾ, ಏನ್ ಬೇಕಾಗಿತ್ರಿ?" ಅಂತ ಕೇಳಿದ್ನಿ.

"ಬೇಕಾಗೂದೇನವಾ, ಬಾಗಲಾ ತಗದೀರಲ್ಲ" ಅಂದ ಅಜ್ಜ.

ಆವಾಗ ನನಗ ಗೊತ್ತಾತು, ಗೊತ್ತಾಗಿ ಏನುಪಯೋಗ. ಹಿಂದಕ್ಕ ಆ ಬಾಗಲಾ ತಗೀತಿದ್ದಿದ್ದು ಊರೂಟಕ್ಕ ಮಾತ್ರ. ಮನಿಮನಿಗೆ ಹೋಗಿ ಕರಿಯೂ ರೂಢಿ ಇರಲಿಲ್ಲ. ಬಾಗಲಾ ತಗದ್ರ ಅದ ಆಮಂತ್ರಣ. ಕುಡಿಯೂ ನೀರಿನ ತಂಬಿಗಿ ತಾವ ತರೂದು, ಬಂದು ಸಾಲಿಗೆ ಕುಂದರೂದು. ಕಡೀಕೆ ತಗದಿದ್ದು ನಲವತ್ತು ವರ್ಷದ ಹಿಂದ, ಅಕ್ಕಾರ ಮದವ್ಯಾಗ. ಮರತವ್ರು ನಮ್ಮಂಥವ್ರು. ಮುದುಕರು ಯಾಕ ಮರೀತಾರ?

ಹತ್ತು ಹೊಡಿಯೂದ್ರಾಗ ಅಂಗಳದಾಗ ಕಾಲಿಡಾಕ ಜಾಗಾ ಇರಲಿಲ್ಲ. ನಾ ಅಳು ಮಾರಿ ಮಾಡಿಕೊಂಡು ಅಕ್ಕಾರ ಹಂತೇಕ ಓಡಿದ್ನಿ. ಅವ್ರು ಸ್ನಾನಾ ಮುಗಿಸಿ ಬಂದು, ಅಂಗಳ ನೋಡಿ, ಬಾಯಿ ಮ್ಯಾಲ ಕೈ ಇಟ್ಕೊಂಡ್ರು.

"ಏನಿದು ಸುಜಾತಾ?"

ಹೇಳಿದ್ನಿ. ಬೈತಾರಂತ ತಲಿ ಕೆಳಗ ಹಾಕಿದ್ನಿ. ಅವ್ರು ನಗಾಕ ಶುರು ಮಾಡಿದ್ರು. ನಕ್ಕು ನಕ್ಕು ಕಣ್ಣಾಗ ನೀರು ಬಂದು, ಕಂಬ ಹಿಡಕೊಂಡು ನಿಂತ್ರು. "ಆಗ್ಲಿ ಬಿಡವಾ. ಬಾಗಲಾ ತಗದ ಮ್ಯಾಲ ಮಂದೀನ ಹಸದ ಹೊಟ್ಟೀಲೆ ಕಳಸೂ ಮನಿ ಅಲ್ಲ ಇದು. ಮಿರಗದ ಮ್ಯಾಲ ಇದು ಇರ್ತದೋ ಇಲ್ಲೋ. ಬೆಲ್ಲ ಎಷ್ಟದ?"

"ಬೆಲ್ಲ ಗ್ವಾಡಿಗೆ ಐತ್ರಿ!" ಅಂತ ಮಕಬೂಲಸಾಬ್ ಅಡ್ಡ ಬಂದ್ರು.

"ಗ್ವಾಡಿ ಇವತ್ತೊಂದಿನ ಉಪಾಸ ಇರ್ಲಿ, ಸಾಬರ."

ಆಮ್ಯಾಲ ನೋಡ್ರಿ. ಒಬ್ರ ಮನಿಯಿಂದ ಗೋದಿ ನುಚ್ಚು, ಒಬ್ರ ಮನಿಯಿಂದ ಅಕ್ಕಿ, ಬ್ಯಾಳಿ, ಬದನಿಕಾಯಿ. ಅಂಗಳದ ಮೂಲ್ಯಾಗ ಮೂರು ಒಲಿ. ಅರಿಯಾಕ ಇಟ್ಟ ಬೆಲ್ಲದ ಪೆಂಟಿ ಒಡದು ಹುಗ್ಗಿ ಕೊಪ್ಪರಿಗಿಗೆ ಹಾಕೂವಾಗ ಮಕಬೂಲಸಾಬ್ ಕಣ್ಣು ಮುಚ್ಚಿಕೊಂಡ್ರು. ಕಡೀಕೆ ಕೊಪ್ಪರಿಗಿ ತಿರುವಾಕ ಸೌಟು ಹಿಡದವ್ರೂ ಅವ್ರ. ಗಚ್ಚು ಅರದು ರೂಢಿ ಇದ್ದ ಕೈ, ಹುಗ್ಗಿ ತಳಾ ಹತ್ತಗೊಡಲಿಲ್ಲ.

ಆಯಿ ಬಂದಿದ್ದು ಹನ್ನೆರಡಕ್ಕ. ಬಾಗಲದ ಹೊರಗ, ಹೊಸ್ತಲದಿಂದ ನಾಕು ಮಾರು ದೂರ ನಿಂತಿದ್ಲು. ಬಡಗಿ ಊರಿಕೊಂಡು, ಸೆರಗ ಹೊತ್ತುಕೊಂಡು, ತಗದ ಬಾಗಲಾನ ಕೆಳಗಿಂದ ಮ್ಯಾಲ ತನಕ ನೋಡಾಕತ್ತಿದ್ಲು. ಕೈಯಾಗ ತಂಬಿಗಿ ಇರಲಿಲ್ಲ. ಅಕ್ಕಾರ ತಾವ ಹೋಗಿ, "ಗಂಗವ್ವಾ, ಒಳಗ ಬಾ" ಅಂದ್ರು. ಆಯಿ ಅವ್ರ ಕಡೆ ನೋಡಲಿಲ್ಲ. ನನ್ನ ಕರದ್ಲು.

"ಯಾರು ತಗಸಿದ್ರು ಈ ಬಾಗಲಾ?"

"ನಾನ, ಆಯಿ. ತಪ್ಪಿ..."

"ನೀ ತಗಸಿದ್ದೇನು?"

"ಹೂಂ, ನಾನ ತಗಸಿದ್ದು."

"ಹಂಗಿದ್ರ ಬರ್ತೇನಿ" ಅಂದ್ಲು. ನನ್ನ ಕೈಗೂ ಕಾಯಲಿಲ್ಲ. ಬಡಗಿ ಊರಿಕೋತ ನಡು ಬಾಗಲದಾಗಿಂದ ಒಳಗ ಬಂದು, ಅಂಗಳ ದಾಟಿ, ಪಡಸಾಲಿ ಮೆಟ್ಟಲಾ ಒಂದೊಂದ ಏರಿ, ಪಡುವಲ ಗ್ವಾಡಿ ಮಗ್ಗಲದಾಗ ಹೋಗಿ ಕುಂತ್ಲು. ಸಾಲಿನ್ಯಾಗ ಒಂದಿಬ್ರು ಮುದುಕರು ಮಾರಿ ಮಾರಿ ನೋಡಿಕೊಂಡ್ರು. ಅಕ್ಕಾರ ಎಲಿ ತಂದು ಮೊದಲ ಎಲಿ ಆಯಿ ಮುಂದ ಹಾಕಿದ್ರು. ಆ ಮುದುಕರೂ ತಮ್ಮ ಎಲಿ ಮುಂದಕ್ಕ ಎಳಕೊಂಡ್ರು. ನನಗ ಅಳು ಬಂತು, ಮುಚ್ಚಿಡೂದೇನೈತಿ. ಒಲಿ ಹೊಗಿ ಅಂತ ನೆವಾ ಹೇಳಿ ಮಾರಿ ಒರಸಿಕೊಂಡ್ನಿ.

ಎರಡನೇ ಪಂಕ್ತಿ ನಡದಾಗ ಪ್ರಸನ್ನ ಸರ್ ಬಂದ್ರು. ಅವ್ರ ಜೋಡಿ ಇಬ್ರು ಬಡಿಗ್ಯಾರು. ಬಾಗಲದಾಗ ನಿಂತು ಒಳಗ ನೋಡಿದ್ರು. ಅಲ್ಲಿ ಅರ್ಧಾ ಊರು ಕುಂತು ಹುಗ್ಗಿ ಸುರದು ಉಣ್ಣಾಕತ್ತಿತ್ತು.

"ಸುಜಾತಾ ಅವರೇ, ನಾನು ಬಾಗಿಲು ತೆಗೆದಿಡಿ ಅಂದಿದ್ದೆ."

"ತಗದಿಟ್ಟೇವಿ, ಸರ್" ಅಂದ್ನಿ.

"ತೆಗೆದಿಡಿ ಅಂದ್ರೆ ಕಳಚಿ ಪಕ್ಕಕ್ಕಿಡಿ ಅಂತ! ರಿಪೇರಿಗೆ! ತೆರೆದು ಊಟ ಹಾಕಿ ಅಂತಲ್ಲ!"

ಕಳಚಿ ಇಡ್ರಿ ಅಂದಿದ್ರ ಕಳಚತಿದ್ವಿ. ಕೀಲು ಬಿಚ್ಚ್ರಿ ಅಂದಿದ್ರ ಕೀಲು ಬಿಚ್ಚತಿದ್ವಿ. ಇದನ್ನೆಲ್ಲಾ ಹೇಳೂವಷ್ಟು ಧೈರ್ಯ ನನಗೆಲ್ಲಿದು? ಸರ್ ಸಿಟ್ಟು ಏರಿತು. "ಆ ಗೋಡೆ ಯಾಕೆ ಕುಸೀತಿದೆ ಅಂತ ಇನ್ನೂ ಗೊತ್ತಿಲ್ಲ. ಅದರ ಪಕ್ಕದಲ್ಲೇ ಇಷ್ಟು ಜನ! ಇವತ್ತೇ ಬಿದ್ದಿದ್ರೆ ಯಾರು ಜವಾಬ್ದಾರಿ? ನೀವು ನಾಳೆಯಿಂದ ಕೆಲಸಕ್ಕೆ ಬರಬೇಡಿ" ಅಂದೇಬಿಟ್ರು. ಉಣ್ಣೂ ಮಂದಿ ಕೈ ಅಲ್ಲೇ ನಿಂತ್ವು.

ಆಯಿ ಕೈ ಮಾತ್ರ ನಿಲ್ಲಲಿಲ್ಲ. ಎಲಿ ಮ್ಯಾಲಿನ ಹುಗ್ಗಿ ಪೂರಾ ಮುಗಿಸಿ, ಬೆರಳ ನೆಕ್ಕಿ, ತಿರಗಿ ಗ್ವಾಡಿ ನೋಡಿದ್ಲು. ಬಿರಕು ನೋಡಿದ್ಲು. ಒಡದ ಗಾಜು ನೋಡಿದ್ಲು. ಆಮ್ಯಾಲ ಅಕ್ಕಾರನ್ನ ಕರದ್ಲು.

"ತಂಗೀ, ನಿಮ್ಮಪ್ಪಾರು ನನಗೊಂದು ಆಣಿ ಹಾಕಿಸಿದ್ರು. ಅವ್ರು ಈಗಿಲ್ಲ. ನೀ ಮಗಳು. ಮುರಿ ಅಂದ್ರ ಮುರೀತೇನಿ, ಬ್ಯಾಡಂದ್ರ ಇಲ್ಲ."

ಅಕ್ಕಾರಿಗೆ ಏನೂ ತಿಳಿಲಿಲ್ಲ. "ಮುರೀ ಗಂಗವ್ವಾ. ಏನದು?"

"ಈ ಗ್ವಾಡಿ ಕಾಲಾಗ ಹಗೇವು ಐತಿ."

ಹಗೇವು ಅಂದ್ರ ನೆಲದಾಗ ಕಾಳು ತುಂಬಿಡೂ ಕುಣಿ. ಬಾಯಿ ಸಣ್ಣದು, ಹೊಟ್ಟಿ ಒಂದು ಕ್ವಾಣಿಯಷ್ಟು. ವಾಡೇದ ಅಂಗಳದಾಗಿನ ಎರಡು ಹಗೇವು ಎಲ್ಲಾರಿಗೂ ಗೊತ್ತಿದ್ವು, ಎಂದೋ ಮುಚ್ಚಿದ್ವು. ಮೂರನೇದು ಇದು. ಲೇವಿ ಅಂತ ಸರಕಾರದವ್ರು ಮನಿಮನಿಗೆ ಬಂದು ಕಾಳು ಅಳಕೊಂಡು ಹೋಗ್ತಿದ್ದ ಕಾಲಕ್ಕ, ದೇಸಾಯರು ಪಡಸಾಲಿ ಕಲ್ಲು ಎಬ್ಬಿಸಿ ಕಳ್ಳ ಹಗೇವು ತೋಡಿಸಿದ್ರಂತ. ತೋಡಿದವ ನಮ್ಮಜ್ಜ, ಮಣ್ಣು ಹೊತ್ತಾಕಿ ಆಯಿ. ಅಕ್ಕಾರ ಆವಾಗ ಧಾರವಾಡದಾಗ ಸಾಲಿ ಕಲಿಯಾಕತ್ತಿದ್ರು. ಮನಿಯವ್ರಿಗೂ ತಿಳಿಲಾರದಂಗ ಕೆಲಸ ಮುಗಿಸಿ, ಮ್ಯಾಲ ಹಾಸಗಲ್ಲು ಕೂಡಿಸಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ ಆಣಿ ತಗೊಂಡಿದ್ರು. ಆಯಿ ಅಷ್ಟೂ ವರ್ಷ ಬಾಯಿ ಬಿಟ್ಟಿರಲಿಲ್ಲ, ನಮ್ಮಪ್ಪನ ಮುಂದ ಸುದ್ದಾ.

"ಪಡಸಾಲಿ ಮ್ಯಾಲ ನಮ್ಮನ್ನ ಕುಂದರಸಲಿಲ್ಲವಾ, ಪಡಸಾಲಿ ಕೆಳಗ ಇಳಿಸಿದ್ರು" ಅಂದ್ಲು ಆಯಿ. ಸಿಟ್ಟಿಲೆ ಅನ್ನಲಿಲ್ಲ, ಇದ್ದದ್ದು ಇದ್ದಂಗ ಹೇಳಿದ್ಲು. ಅಕ್ಕಾರ ಆಕಿ ಮಗ್ಗಲದಾಗ ನೆಲಕ್ಕ ಕುಂತು ಕೈ ಹಿಡಕೊಂಡ್ರು.

ಆಯಿ ಬಡಗಿಯಿಂದ ಒಂದು ಹಾಸಗಲ್ಲು ಬಡದು ತೋರಿಸಿದ್ಲು. ಮಗ್ಗಲ ಕಲ್ಲು ಟಕ್ ಅಂತಿದ್ವು, ಅದು ಧಬ್ ಅಂತು. ಪ್ರಸನ್ನ ಸರ್ ಮೊಣಕಾಲೂರಿ ಕಿವಿ ಹಚ್ಚಿದ್ರು. ಎಂಜಲ ಎಲಿ ಸರಿಸಿ, ಉಂಡ ಮಂದಿನ ಕೈ ಹಚ್ಚಿ ಕಲ್ಲು ಎಬ್ಬಿಸಿದ್ರು. ಒಳಗಿಂದ ಮುಗ್ಗಿದ ಕಾಳಿನ ಕಮಟು ವಾಸನಿ ಬಂತು. ಸರ್ ಒಳಗ ಬಗ್ಗಿದ್ದ ನೋಡಿ ಆಯಿ ಒದರಿದ್ಲು: "ಏಯ್ ತಮ್ಮಾ, ಸರಿ ಆಚೆ! ಮೊದಲ ಕಂದೀಲಾ ಇಳೀಬೇಕು, ಆಮ್ಯಾಲ ಮನಷ್ಯಾ ಇಳೀಬೇಕು." ಕ್ವಾಣ್ಯಾಗಿನ ಕಂದೀಲಾ ಹಚ್ಚಿ ಇಳಿಸಿದ್ವಿ, ಅರ್ಧಕ್ಕ ಹೋಗೂದ್ರಾಗ ಆರಿತು. ಒಳಗ ಕೆಟ್ಟ ಗಾಳಿ ತುಂಬಿತ್ತು. ಸರ್ ಇಳದಿದ್ರ ಏನಾಗ್ತಿತ್ತೋ. ಅವ್ರು ನಾಕು ಹೆಜ್ಜಿ ಹಿಂದ ಸರದ್ರು.

ಎರಡು ದಿನ ಬಾಯಿ ತಗದಿಟ್ಟು, ಕಂದೀಲಾ ನಿಂತು ಉರಿದ ಮ್ಯಾಲ ಇಳದು ನೋಡಿದ್ವಿ. ಒಳಗಿನ ಮೆತ್ತಿಗಿ ಉದುರಿ, ಹಗೇವಿನ ಹೊಟ್ಟಿ ಗ್ವಾಡಿ ಬುನಾದಿ ತಳಕ್ಕ ಸರಕೊಂಡಿತ್ತು. ಕಲ್ಲು ಗಟ್ಟಿ ಇದ್ರ ಏನು, ಅದರ ಕೆಳಗ ನೆಲಾನ ಇರಲಿಲ್ಲ. ತಳದಾಗ ಒಂದು ಬೊಗಸಿ ಕರೀ ಹಿಟ್ಟಿನಂಗ ಆದ ಜ್ವಾಳ ಇತ್ತು.

ಪ್ರಸನ್ನ ಸರ್ ಮನಷ್ಯಾ ಚಲೋ. ಊಟದ ಮರುದಿನಾನ ನಮ್ಮ ಮನಿಗೇ ಬಂದು, ಆಯಿ ಕೈಯಾಗಿನ ಚಹಾ ಕುಡದು, "ಸುಜಾತಾ ಅವರೇ, ನಿನ್ನೆ ಆಡಿದ ಮಾತು ವಾಪಸ್ ತಗೊಂಡೆ" ಅಂದ್ರು. "ತಗೊಂಡೆ ಅಂದ್ರ ಕಳಚಿ ಇಟ್ಟೀರೋ, ಬಿಚ್ಚಿ ಇಟ್ಟೀರೋ, ನಿಚ್ಚಳ ಹೇಳ್ರಿ ಸರ್" ಅಂದ್ನಿ. ಆಯಿನೂ ನಕ್ಕಳು.

ಮುಂದಿನ ಮೂರು ವಾರ ಉಸರ ಬಿಡಾಕ ಪುರಸೊತ್ತಿರಲಿಲ್ಲ. ದೊಡ್ಡ ಬಾಗಲಾ ಕಳಚಿ, ಹೌದು ಕಳಚಿ, ಬಡಿಗ್ಯಾರ ಹಂತೇಕ ಹೋತು. ನಾವು ಕಲ್ಲು, ಗರಸು, ಗಚ್ಚು ಇಳಿಸಿ ಹಗೇವು ತಳದಿಂದ ತುಂಬಿಕೋತ ಬಂದ್ವಿ. ಬೆಲ್ಲ ಸಾಲಲಿಲ್ಲ. ಹುಗ್ಗಿ ಉಂಡವ್ರ ಮನಿಯಿಂದ ಒಂದೊಂದು ಪೆಂಟಿ ತಾವಾಗಿ ಬಂದ್ವು, ಮಕಬೂಲಸಾಬ್ ಪ್ರತಿಯೊಂದೂ ನೆಕ್ಕಿ ನೋಡಿ ಒಳಗ ತಗೊಂಡ್ರು. ಆಯಿ ದಿನಾ ಮುಂಜಾನೆ ಬಂದು ಪಡಸಾಲಿ ಮ್ಯಾಲ ಕುಂದರ್ತಿದ್ಲು. "ಅಲ್ಲಿ ದಮ್ಮಸ್ ಸಾಲದು, ಇನ್ನೂ ಕುಟ್ಟು", "ಆ ಕಲ್ಲು ಅಡ್ಡ ಹಾಕು" ಅಂತ ಹುಕುಂ ಕೊಡೂದು. ಆ ಸೈಟಿನಾಗ ಖರೇ ಸೂಪರ್‌ವೈಸರ್ ಯಾರು ಅಂತ ಕೇಳಿದ್ರ ಯಾರೂ ನನ್ನ ಹೆಸರು ಹೇಳತಿರಲಿಲ್ಲ. ಕಡೀಕೆ ಬಿರಕು ಮುಚ್ಚಿ, ಹೊಸಾ ಗಾಜಿನ ಪಟ್ಟಿ ಅಂಟಿಸಿದ್ವಿ.

ಮಿರಗ ಕೂಡಿ ಎರಡನೇ ದಿನ, ಮಧ್ಯಾಹ್ನ ಮೂರಕ್ಕ ಮಳಿ ಬಂತು. ಗಾಳಿ ಮೊದಲ, ಆಮ್ಯಾಲ ಹನಿ, ಆಮ್ಯಾಲ ಆಕಾಶಾನ ಹರದಂಗ. ನಾವೆಲ್ಲಾ ಪಡಸಾಲ್ಯಾಗ ಗಾಜಿನ ಮುಂದ ಕುಂತ್ವಿ. ಮಕಬೂಲಸಾಬರ ತುಟಿ ಮಿಸುಕಾಕತ್ತಿದ್ವು. ಅಕ್ಕಾರ ಆಯಿ ಕೈ ಬಿಟ್ಟಿರಲಿಲ್ಲ. ಒಂದು ತಾಸು ಹೊಡೀತು, ಎರಡು ತಾಸು ಹೊಡೀತು. ಅಂಗಳದಾಗ ಮೊಣಕಾಲಮಟ ನೀರು ನಿಂತು ಹರೀತು. ಗಾಜು ಹಂಗ ಇತ್ತು. ಮರುದಿನಾನೂ ಮಳಿ, ಅದರ ಮರುದಿನಾನೂ. ಗಾಜು ಹಂಗ ಇತ್ತು.

ಆ ಸಂಜೀಕೆ ಹುಬ್ಬಳ್ಳಿಯಿಂದ ಶ್ರೀಪಾದರಾಯರ ಫೋನ್. ಅಕ್ಕಾರ ಸ್ಪೀಕರ್ ಹಚ್ಚಿದ್ರು.

"ಏನ್ ವಸುಧಾ, ಬಿತ್ತೇನು?"

ಅಕ್ಕಾರ ನಮ್ಮ ಕಡೆ ನೋಡಿದ್ರು. "ಬಿತ್ತೋ ಶ್ರೀಪಾದ. ಭಾಳ ಛಂದ ಬಿತ್ತು. ನೀನ ಬಂದು ನೋಡಿ ಹೋಗು."

"ಅಕ್ಕಾರ, ಅವ್ರು ಗ್ವಾಡಿ ಕೇಳಿದ್ರು!" ಅಂದ್ನಿ ಫೋನ್ ಇಟ್ಟ ಮ್ಯಾಲ.

"ಅಂವ ಏನ್ ಕೇಳ್ದನೋ ನನಗೇನ್ ಗೊತ್ತವಾ, ನಾ ಮಳಿ ಸುದ್ದಿ ಹೇಳ್ದೆ" ಅಂದು ಹುಡಿಗ್ಯಾರಂಗ ಕಿಸಕ್ಕನ ನಕ್ಕರು.

ಮರುದಿನ ಮುಂಜಾನೆ ರಾಯರು ಜೀಪು ಮಾಡಿಕೊಂಡು ಬಂದ್ರು. ಜೋಡಿ ಕಟಗಿ ವ್ಯಾಪಾರಿ, ಅವನ ಕೈಯಾಗ ಅಳಿಯೂ ಟೇಪು. ರಾಡಿ ತುಳಕೋತ ಅಂಗಳ ದಾಟಿ ಪಡಸಾಲಿ ಏರಿ, ಗ್ವಾಡಿ ನೋಡಿ ನಿಂತುಬಿಟ್ರು. ವ್ಯಾಪಾರಿ ಒಂದು ಸಲ ಗ್ವಾಡಿ, ಒಂದು ಸಲ ರಾಯರ ಮಾರಿ ನೋಡಿ, ಟೇಪು ಕಿಸೇದಾಗ ಇಟ್ಕೊಂಡ. ಗ್ವಾಡಿ ಕೆಳಗ, ತನ್ನ ಜಾಗಾದಾಗ, ಆಯಿ ಚಹಾ ಕುಡಕೋತ ಕುಂತಿದ್ಲು. ರಾಯರಿಗೆ ಆಕಿ ಗುರ್ತು ಸಿಕ್ತು. ಹಿತ್ತಲದಾಗ ನೋಡಿದ ಗುರ್ತು.

ಆಯಿ ಕಪ್ಪು ಕೆಳಗಿಟ್ಟು, ಒಂದೀಟು ಸರದು ಜಾಗಾ ಮಾಡಿದ್ಲು.

"ಬರ್ರಿ ರಾಯರ, ದಣದು ಬಂದೀರಿ. ಕುಂದರ್ರಿ" ಅಂದ್ಲು.

ರಾಯರು ಅಕ್ಕಾರನ್ನ ನೋಡಿದ್ರು, ನನ್ನ ನೋಡಿದ್ರು. ಆಮ್ಯಾಲ ಚಪ್ಪಲಿ ಬಿಟ್ಟು, ಆಯಿ ಮಗ್ಗಲದಾಗ ಕುಂತು, ಆ ಗ್ವಾಡಿಗೇ ಬೆನ್ನ ಹಚ್ಚಿದ್ರು.